ಗಟ್ಟಿಯಾದ ನೆಲಕ್ಕೆ ಗಾಳಿ ಮತ್ತು ನೀರು: ಉಳಿ ನೇಗಿಲನ್ನು ಆರಿಸುವ ಮತ್ತು ಬಳಸುವ ಬಗೆ

ಒಳ್ಳೆಯ ಬೀಜ, ಸಕಾಲದ ಬಿತ್ತನೆ, ಶಿಫಾರಸಿನಂತೆ ಗೊಬ್ಬರ ಎಲ್ಲವೂ ಇದ್ದರೂ ಕೆಲವು ಹೊಲಗಳಲ್ಲಿ ಬೆಳೆ ಏಳುವುದಿಲ್ಲ. ಮಳೆ ಬಂದ ದಿನ ಹೊಲದಲ್ಲಿ ನೀರು ನಿಲ್ಲುತ್ತದೆ. ಮಳೆ ನಿಂತು ವಾರ ಕಳೆಯುವುದರೊಳಗೆ ಅದೇ ಹೊಲದ ಪೈರು ಬಾಡುತ್ತದೆ. ನೀರು ಹೆಚ್ಚಾಗಿಯೂ ತೊಂದರೆ, ಕಡಿಮೆಯಾಗಿಯೂ ತೊಂದರೆ. ಇಂತಹ ಹೊಲದಲ್ಲಿ ದೋಷವಿರುವುದು ಬಹುಮಟ್ಟಿಗೆ ಗೇಣುದ್ದ ಕೆಳಗೆ, ಉಳುಮೆಯ ತಳದಲ್ಲಿ ಕಟ್ಟಿಕೊಂಡಿರುವ ಗಟ್ಟಿ ಪದರದಲ್ಲಿ. ಅದನ್ನು ಒಡೆಯಲು ಟ್ರ್ಯಾಕ್ಟರ್ ಹಿಂದೆ ಕಟ್ಟಿ ಎಳೆಯುವ ಉಳಿ ನೇಗಿಲು ಉಪಯುಕ್ತ ಸಾಧನ. ಆದರೆ ಇದು ಎಲ್ಲ ಹೊಲಕ್ಕೂ ಬೇಕಾದ ಸಾಧನವಲ್ಲ. ಗಟ್ಟಿ ಪದರ ಎಷ್ಟು ಆಳದಲ್ಲಿದೆ, ಅಲ್ಲಿಯ ಮಣ್ಣಿನ ಹದ ಹೇಗಿದೆ ಎಂಬ ಎರಡು ವಿಷಯಗಳನ್ನು ತಿಳಿಯದೆ ಎಳೆದರೆ ಡೀಸೆಲ್ ಖರ್ಚಾಗುತ್ತದೆಯೇ ಹೊರತು ಲಾಭವಿಲ್ಲ. ಕೆಲವೊಮ್ಮೆ ನೆಲ ಮೊದಲಿಗಿಂತ ಕೆಡುವುದೂ ಉಂಟು. ಈ ನೇಗಿಲನ್ನು ಯಾರು, ಯಾವಾಗ, ಹೇಗೆ ಬಳಸಬೇಕೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮಣ್ಣಿನೊಳಗಿನ ಗಾಳಿ

ಬೆಳೆಗೆ ಒಪ್ಪುವ ಮಣ್ಣಿನ ಗಾತ್ರದಲ್ಲಿ ಸುಮಾರು ಅರ್ಧ ಭಾಗ ಮಾತ್ರ ಮಣ್ಣಿನ ಕಣಗಳು. ಉಳಿದರ್ಧ ಕಣಗಳ ನಡುವಿನ ಸಂದು. ಈ ಸಂದುಗಳ ಒಂದು ಪಾಲಿನಲ್ಲಿ ನೀರು, ಇನ್ನೊಂದು ಪಾಲಿನಲ್ಲಿ ಗಾಳಿ ಇರಬೇಕು. ಬೇರು ಕೂಡ ಉಸಿರಾಡುತ್ತದೆ. ಆಮ್ಲಜನಕ ಸಿಗದಿದ್ದರೆ ಗೊಬ್ಬರ ಪಕ್ಕದಲ್ಲೇ ಇದ್ದರೂ ಅದನ್ನು ಹೀರುವ ಶಕ್ತಿ ಬೇರಿಗೆ ಇರುವುದಿಲ್ಲ. ಮಣ್ಣಿನಲ್ಲಿ ಗಾಳಿಯ ಪಾಲು ನೂರಕ್ಕೆ 10ಕ್ಕಿಂತ ಕೆಳಗಿಳಿದರೆ ಹೆಚ್ಚಿನ ಮಳೆಯಾಶ್ರಿತ ಬೆಳೆಗಳ ಬೇರು ಸೊರಗುತ್ತದೆ.

ಮಣ್ಣನ್ನು ಒತ್ತಿದಾಗ ಮೊದಲು ಹೋಗುವುದು ದೊಡ್ಡ ಸಂದುಗಳು. ಗಾಳಿ ಓಡಾಡುವುದೂ, ಮಳೆನೀರು ಬೇಗ ಕೆಳಗಿಳಿಯುವುದೂ, ಬೇರು ನುಗ್ಗುವುದೂ ಇವುಗಳ ಮೂಲಕವೇ. ಹೀಗಾಗಿ ಗಟ್ಟಿ ಪದರ ಒಂದೇ ಆದರೂ ನಷ್ಟ ಮೂರು ಬಗೆಯದು. ಚೂಪಾದ ಸಲಾಕೆಯನ್ನು ಒಳಗಿಳಿಸಲು ಚದರ ಸೆಂಟಿಮೀಟರಿಗೆ ಸುಮಾರು 20 ಕಿಲೋಗ್ರಾಂ ಒತ್ತಡ ಬೇಕಾಗುವಷ್ಟು ಗಟ್ಟಿಯಾದ ಮಣ್ಣಿನಲ್ಲಿ ಹೆಚ್ಚಿನ ಬೆಳೆಗಳ ಬೇರು ಮುಂದೆ ಹೋಗಲಾರದು.

ಇದರ ಪರಿಣಾಮವನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಮರಳುಮಿಶ್ರಿತ ಕೆಂಪು ಗೋಡು ಮಣ್ಣು ಒಂದು ಸೆಂ.ಮೀ. ಆಳಕ್ಕೆ ಸುಮಾರು 1 ಮಿ.ಮೀ. ನೀರನ್ನು ಬೆಳೆಗೆ ದೊರೆಯುವಂತೆ ಹಿಡಿದಿಡುತ್ತದೆ. ಬೇರು 15 ಸೆಂ.ಮೀ.ನಲ್ಲೇ ನಿಂತರೆ ಬೆಳೆಯ ಕೈಗೆ ಸಿಗುವುದು 15 ಮಿ.ಮೀ. ನೀರು. ದಿನಕ್ಕೆ 5 ಮಿ.ಮೀ. ಖರ್ಚಾದರೆ ಅದು 3 ದಿನದ ಬುತ್ತಿ. ಅದೇ ಬೇರು 45 ಸೆಂ.ಮೀ. ಆಳಕ್ಕೆ ಇಳಿದರೆ 45 ಮಿ.ಮೀ., ಅಂದರೆ 9 ದಿನದ ಬುತ್ತಿ. ರಾಗಿ ತೆನೆ ಕಟ್ಟುವಾಗ ಅಥವಾ ನೆಲಗಡಲೆ ಹೂಡು ಇಳಿಸುವಾಗ ಮಳೆ ಒಂದು ವಾರ ತಡವಾದರೆ, ಈ 6 ದಿನಗಳ ಅಂತರವೇ ಬೆಳೆಯನ್ನು ಉಳಿಸಬಹುದು ಅಥವಾ ಕಳೆಯಬಹುದು.

ಇನ್ನು ಮಳೆನೀರಿನ ಮಾತು. ಒಂದು ಎಕರೆಯ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಅದು ಸುಮಾರು ಒಂದು ಲಕ್ಷ ಲೀಟರ್ ನೀರು. ಕೆಳಗೆ ದಾರಿಯಿಲ್ಲದಿದ್ದರೆ ಇದರಲ್ಲಿ ದೊಡ್ಡ ಪಾಲು ಮೇಲ್ಮಣ್ಣನ್ನೂ ಕೊಚ್ಚಿಕೊಂಡು ಬದು ದಾಟಿ ಹಳ್ಳ ಸೇರುತ್ತದೆ.

ಗಟ್ಟಿ ಪದರ ಹೇಗೆ ಉಂಟಾಗುತ್ತದೆ?

ವರ್ಷವರ್ಷವೂ ಒಂದೇ ಆಳಕ್ಕೆ ಉತ್ತರೆ ಗುಳದ ತಳ ಉಜ್ಜಿ ಉಜ್ಜಿ ಆ ಮಟ್ಟದ ಮಣ್ಣು ಬಿಗಿಯುತ್ತದೆ. ಎತ್ತಿನ ನೇಗಿಲಿನ ಹೊಲದಲ್ಲಿ ಇದು ಸಾಮಾನ್ಯವಾಗಿ 10ರಿಂದ 15 ಸೆಂ.ಮೀ. ಆಳದಲ್ಲಿ ಕಾಣುತ್ತದೆ. ಟ್ರ್ಯಾಕ್ಟರಿನ ತಟ್ಟೆ ನೇಗಿಲು ಅಥವಾ ರೆಕ್ಕೆ ನೇಗಿಲಿನಿಂದ ಉಳುವಾಗ ಟ್ರ್ಯಾಕ್ಟರಿನ ಒಂದು ಬದಿಯ ಚಕ್ರ ಉತ್ತ ಸಾಲಿನ ತಳದಲ್ಲೇ ಓಡುವುದರಿಂದ ಪದರ ಇನ್ನೂ ಕೆಳಗೆ ಕಟ್ಟುತ್ತದೆ. ರೋಟವೇಟರ್ ಒಂದನ್ನೇ ಸತತವಾಗಿ ಬಳಸಿದ ಹೊಲದಲ್ಲಿ ಮೇಲೆ ಹಿಟ್ಟಿನಂತಹ ಮಣ್ಣು, ಅದರಡಿಯಲ್ಲಿ ನೆಲಗಾರೆಯಂತಹ ತಳ ಇರುವುದನ್ನು ಕಾಣಬಹುದು.

ಇದಕ್ಕಿಂತ ಆಳಕ್ಕೆ ಒತ್ತುವುದು ಭಾರ. ಟೈರಿನ ಗಾಳಿಯ ಒತ್ತಡ ಮೇಲ್ಮಣ್ಣನ್ನು ಬಿಗಿಯುತ್ತದೆ; ಅಚ್ಚಿನ ಮೇಲಿನ ಒಟ್ಟು ಭಾರ ಕೆಳಮಣ್ಣನ್ನು ಬಿಗಿಯುತ್ತದೆ. ಹಸಿ ನೆಲದಲ್ಲಿ ಕಬ್ಬು ತುಂಬಿದ ಟ್ರೈಲರ್ ಅಥವಾ ಕಟಾವು ಯಂತ್ರ ಓಡಾಡಿದರೆ ಆಗುವ ಹಾನಿ ಇದೇ. ಒಂದೇ ಜಾಡಿನಲ್ಲಿ ಹಲವು ಸಲ ಓಡಿದಾಗ ಹಾನಿಯ ಹೆಚ್ಚಿನ ಪಾಲು ಮೊದಲ ಓಟದಲ್ಲೇ ಆಗಿಬಿಡುತ್ತದೆ. ಆದ್ದರಿಂದ ಹೊಲದ ತುಂಬ ಹೊಸ ಜಾಡು ಮಾಡುವುದಕ್ಕಿಂತ ಹಳೆಯ ಜಾಡಿನಲ್ಲೇ ಓಡುವುದು ಮೇಲು.

ಮೊದಲು ಪರೀಕ್ಷೆ, ಆಮೇಲೆ ಯಂತ್ರ

ಯಂತ್ರದ ಬೆಲೆ ವಿಚಾರಿಸುವ ಮುಂಚೆ ಹೊಲವನ್ನು ಪರೀಕ್ಷಿಸಿರಿ. ಇದಕ್ಕೆ ಬೇಕಾದುದು ಒಂದು ಗುದ್ದಲಿ, ಒಂದು ಚಾಕು ಮತ್ತು ಒಂದು ಕಬ್ಬಿಣದ ಸಲಾಕೆ.

ಬೇರಿನ ಪರೀಕ್ಷೆ: ಬೆಳೆ ಹೂ ಬಿಡುವ ಹೊತ್ತಿನಲ್ಲಿ ಹತ್ತಿ, ತೊಗರಿ ಅಥವಾ ಟೊಮೇಟೊ ಗಿಡವನ್ನು ಸುತ್ತ ಅಗೆದು ಮೆಲ್ಲಗೆ ಎತ್ತಿರಿ. ತಾಯಿಬೇರು ನೆಟ್ಟಗೆ ಕೆಳಗಿಳಿದಿದ್ದರೆ ಚಿಂತೆಯಿಲ್ಲ. ಒಂದು ಮಟ್ಟಕ್ಕೆ ಬಂದು ಮೊಣಕೈಯಂತೆ ಮಡಿದು ಅಡ್ಡಕ್ಕೆ ಹರಿದಿದ್ದರೆ ಆ ಮಟ್ಟದಲ್ಲಿ ತಡೆ ಇದೆ ಎಂದು ತಿಳಿಯಬೇಕು.

ಗುಂಡಿಯ ಪರೀಕ್ಷೆ: ಎರಡು ಅಡಿ ಆಳದ ಗುಂಡಿ ತೆಗೆದು, ಅದರ ಒಂದು ಗೋಡೆಯನ್ನು ನೆಟ್ಟಗೆ ಕೆರೆದು, ಮೇಲಿನಿಂದ ಕೆಳಗೆ ಎರಡೆರಡು ಅಂಗುಲಕ್ಕೆ ಚಾಕುವಿನ ತುದಿಯನ್ನು ಚುಚ್ಚುತ್ತಾ ಬನ್ನಿ. ಚಾಕು ಎಲ್ಲಿ ತಡೆಯುತ್ತದೆ, ಮತ್ತೆ ಎಲ್ಲಿ ಸಲೀಸಾಗಿ ಇಳಿಯುತ್ತದೆ ಎಂಬುದನ್ನು ಅಳೆದು ಬರೆದುಕೊಳ್ಳಿ. ಈ ಎರಡು ಅಳತೆಗಳೇ ಮುಂದಿನ ಎಲ್ಲ ನಿರ್ಧಾರಕ್ಕೂ ಆಧಾರ.

ಸಲಾಕೆಯ ಪರೀಕ್ಷೆ: ಬೆರಳು ದಪ್ಪದ, ಮೂರು ಅಡಿ ಉದ್ದದ ನುಣುಪಾದ ಸಲಾಕೆಯ ತುದಿಯನ್ನು ಚೂಪು ಮಾಡಿಸಿ, ಮೇಲೆ ಅಡ್ಡ ಹಿಡಿ ಬೆಸೆಸಿ, ಮೈಮೇಲೆ 5 ಸೆಂ.ಮೀ.ಗೊಂದರಂತೆ ಗುರುತು ಹಾಕಿಸಿರಿ. ನೆಲ ಚೆನ್ನಾಗಿ ತೊಯ್ದ ಎರಡು ದಿನಗಳ ನಂತರ ಎಕರೆಗೆ 10-15 ಕಡೆ ಒಂದೇ ಬಲದಿಂದ ಒತ್ತಿ ನೋಡಿ. ಬದುವಿನ ಅಂಚಿನಲ್ಲಿ, ಅಂದರೆ ನೇಗಿಲೂ ಚಕ್ರವೂ ಹೋಗದ ಜಾಗದಲ್ಲಿಯೂ ಒತ್ತಿ ಹೋಲಿಸಿ. ಒಣಗಿದ ನೆಲ ಎಲ್ಲ ಆಳದಲ್ಲೂ ಗಟ್ಟಿಯಾಗಿಯೇ ಇರುವುದರಿಂದ ಬೇಸಿಗೆಯಲ್ಲಿ ಈ ಪರೀಕ್ಷೆಗೆ ಅರ್ಥವಿಲ್ಲ.

ಪರೀಕ್ಷೆಯಿಂದ ಮೂರು ಬಗೆಯ ಉತ್ತರ ಬರಬಹುದು. ಮೇಲಿನ ಒಂದು ಸೆಂ.ಮೀ. ಮಾತ್ರ ಹೆಪ್ಪುಗಟ್ಟಿದ್ದರೆ ಕುಂಟೆ ಹೊಡೆದರೆ ಸಾಕು. 10ರಿಂದ 40 ಸೆಂ.ಮೀ. ನಡುವೆ ಗಟ್ಟಿ ಪದರವಿದ್ದು ಅದರ ಕೆಳಗೆ ಮತ್ತೆ ಮೆತ್ತನೆಯ ಮಣ್ಣಿದ್ದರೆ ಉಳಿ ನೇಗಿಲಿಗೆ ಕೆಲಸವಿದೆ. ಒಂದು ಅಡಿಯ ಕೆಳಗೆ ಬರೀ ಗರಸು ಅಥವಾ ಬಂಡೆ ಇದ್ದರೆ ಅದನ್ನು ಒಡೆಯುವ ಸಾಹಸ ಬೇಡ. ನೇಗಿಲು ಮುರಿದೀತು, ಬೆಳೆಗೆ ಪ್ರಯೋಜನವಾಗದು.

ಯಾವ ಭೂಮಿಗೆ ಬೇಕು, ಯಾವುದಕ್ಕೆ ಬೇಡ?

ಕೆಂಪು ಭೂಮಿ: ಕೋಲಾರ, ತುಮಕೂರು, ಚಿತ್ರದುರ್ಗ ಮುಂತಾದ ಕಡೆಯ ಕೆಂಪು ಮಣ್ಣಿಗೆ ಒಣಗಿದಾಗ ತಾನಾಗಿ ಬಿರಿದು ಸಡಿಲಗೊಳ್ಳುವ ಗುಣ ಕಡಿಮೆ. ಒಮ್ಮೆ ಬಿಗಿದರೆ ಬಿಗಿದೇ ಇರುತ್ತದೆ. ಉಳಿ ನೇಗಿಲಿನಿಂದ ಹೆಚ್ಚು ಪ್ರಯೋಜನ ನಿರೀಕ್ಷಿಸಬಹುದಾದದ್ದು ಇಂತಹ ನೆಲದಲ್ಲೇ.

ಎರೆ ಭೂಮಿ: ಆಳವಾದ ಕಪ್ಪು ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ತನ್ನನ್ನು ತಾನೇ ಬಹುಮಟ್ಟಿಗೆ ಸಡಿಲಿಸಿಕೊಳ್ಳುತ್ತದೆ. ಪರೀಕ್ಷೆಯಲ್ಲಿ ಪದರ ಕಂಡುಬಂದರೆ ಮಾತ್ರ, ಅದೂ ನೆಲ ಚೆನ್ನಾಗಿ ಒಣಗಿರುವಾಗ ಮಾತ್ರ ಎಳೆಯಬೇಕು. ಹಸಿಯಲ್ಲಿ ಎಳೆದರೆ ಗುಳ ಮಣ್ಣನ್ನು ಬೆಣ್ಣೆಯಂತೆ ಸೀಳಿ, ಸೀಳಿನ ಎರಡೂ ಬದಿಯನ್ನು ಸವರಿ ಮುಚ್ಚಿಬಿಡುತ್ತದೆ.

ಚೌಳು ಭೂಮಿ: ಸೋಡಿಯಂ ಹೆಚ್ಚಾದ ಕೆಳಮಣ್ಣು ಒಡೆದರೂ ಮೊದಲ ಮಳೆಗೇ ಕಲಸಿಕೊಂಡು ಮತ್ತೆ ಕೂಡುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ, ಶಿಫಾರಸಿನ ಜಿಪ್ಸಂ ಹಾಕಿ, ನೀರು ಬಸಿದು ಹೋಗಲು ದಾರಿ ಮಾಡಿದ ಮೇಲೆ ಮಾತ್ರ ಇಲ್ಲಿ ಉಳಿ ನೇಗಿಲಿನ ಮಾತು.

ಗದ್ದೆ: ಭತ್ತದ ಗದ್ದೆಯಲ್ಲಿ ಕೆಸರು ಮಾಡುವುದರಿಂದ ಉಂಟಾಗುವ ಗಟ್ಟಿ ತಳ ನೀರನ್ನು ನಿಲ್ಲಿಸುತ್ತದೆ. ಅದು ಭತ್ತಕ್ಕೆ ಬೇಕಾದದ್ದೇ. ಅದನ್ನು ಒಡೆದರೆ ಗದ್ದೆಗೆ ಎಷ್ಟು ನೀರು ಕಟ್ಟಿದರೂ ಸಾಲದು. ಭತ್ತ ಬಿಟ್ಟು ಬೇರೆ ಬೆಳೆಗೆ ಶಾಶ್ವತವಾಗಿ ತಿರುಗುವವರು ಮಾತ್ರ ಒಡೆಯಬಹುದು.

ತೋಟ: ಫಲ ಕೊಡುತ್ತಿರುವ ತೆಂಗಿನ ಬೇರುಗಳಲ್ಲಿ ಹೆಚ್ಚಿನವು ಬುಡದ ಸುತ್ತ 2 ಮೀಟರ್ ದೂರದೊಳಗೇ ಇರುತ್ತವೆ. ಅಲ್ಲಿ ಉಳಿ ನೇಗಿಲು ಆಡಿಸಬಾರದು. ಅಡಿಕೆ ತೋಟದಲ್ಲಂತೂ ಮರಗಳು ಒತ್ತಾಗಿರುವುದರಿಂದ ಈ ಯಂತ್ರಕ್ಕೆ ಜಾಗವೇ ಇಲ್ಲ. ಹೊಸದಾಗಿ ತೋಟ ಕಟ್ಟುವವರು ಸಸಿ ನೆಡುವ ಮೊದಲೇ ಈ ಕೆಲಸ ಮುಗಿಸಿಕೊಳ್ಳಬೇಕು.

ನೇಗಿಲನ್ನು ಆರಿಸುವುದು

ಉಳಿ ನೇಗಿಲೆಂದರೆ ಒಂದು ಬಲವಾದ ಚೌಕಟ್ಟು, ಅದರಿಂದ ಇಳಿದ ಕಿರಿದಾದ ಉಕ್ಕಿನ ಕಾಲು, ಕಾಲಿನ ತುದಿಗೆ ಬಡಗಿಯ ಉಳಿಯಂತಹ ಗುಳ. ಇದು ಮಣ್ಣನ್ನು ಮಗುಚುವುದಿಲ್ಲ. ಅಡಿಯಿಂದ ಎತ್ತಿ ಬಿರಿಯುವಂತೆ ಮಾಡುತ್ತದೆ. ಫಲವತ್ತಾದ ಮೇಲ್ಮಣ್ಣು ಮೇಲೆಯೇ ಉಳಿಯುವುದು ಇದರ ದೊಡ್ಡ ಗುಣ. ಇನ್ನೂ ಭಾರವಾದ, ಆಳಕ್ಕೆ ಹೋಗುವ ಮಾದರಿಗೆ ಸಬ್‌ಸಾಯಿಲರ್ ಎಂಬ ಹೆಸರಿದೆ. ಕೊಳ್ಳುವಾಗ ಅಥವಾ ಬಾಡಿಗೆಗೆ ತರುವಾಗ ಈ ಅಂಶಗಳನ್ನು ಗಮನಿಸಬೇಕು.

1. ಕಾಲುಗಳ ಸಂಖ್ಯೆ: ಆಳ ಹೆಚ್ಚಿದಂತೆ ಎಳೆತ ಬಹಳ ಬೇಗ ಏರುತ್ತದೆ. 35ರಿಂದ 45 ಅಶ್ವಶಕ್ತಿಯ ಟ್ರ್ಯಾಕ್ಟರಿಗೆ ಆಳದ ಕೆಲಸದಲ್ಲಿ ಒಂದು ಕಾಲು ಸಾಕು. ಎರಡು ಮೂರು ಕಾಲಿನ ನೇಗಿಲನ್ನು ಕಟ್ಟಿ, ಎಳೆಯಲಾರದೆ ಅರ್ಧ ಆಳಕ್ಕೆ ಓಡಿಸಿದರೆ ಪದರದ ಮೇಲೆ ಕೆರೆದಂತಾಗುತ್ತದೆಯೇ ಹೊರತು ಪದರ ಒಡೆಯುವುದಿಲ್ಲ.

2. ಗುಳದ ಅಗಲ: ಇದು ಬಹಳ ಮಂದಿ ಗಮನಿಸದ ವಿಷಯ. ಪ್ರತಿಯೊಂದು ಗುಳಕ್ಕೂ ಒಂದು ಮಿತಿಯ ಆಳವಿದೆ. ಅದಕ್ಕಿಂತ ಮೇಲೆ ಓಡಿದರೆ ಮಣ್ಣು ಮೇಲಕ್ಕೆದ್ದು ಬಿರಿಯುತ್ತದೆ. ಅದಕ್ಕಿಂತ ಕೆಳಗೆ ಓಡಿದರೆ ಮಣ್ಣು ಏಳಲಾರದೆ ಪಕ್ಕಕ್ಕೆ ಒತ್ತಲ್ಪಟ್ಟು ಇನ್ನಷ್ಟು ಬಿಗಿಯುತ್ತದೆ. ಇಂಗ್ಲೆಂಡಿನಲ್ಲಿ ಸ್ಪೂರ್ ಮತ್ತು ಗಾಡ್ವಿನ್ ಎಂಬ ವಿಜ್ಞಾನಿಗಳು 1978ರಲ್ಲಿ ಪ್ರಕಟಿಸಿದ ಪ್ರಯೋಗಗಳು ಈ ವಿಷಯವನ್ನು ಸ್ಪಷ್ಟಪಡಿಸಿದವು. ಸ್ಥೂಲವಾಗಿ ಹೇಳುವುದಾದರೆ ಈ ಮಿತಿ ಗುಳದ ಅಗಲದ 6-7 ಪಟ್ಟು. 5 ಸೆಂ.ಮೀ. ಅಗಲದ ಗುಳ ಸುಮಾರು 30-35 ಸೆಂ.ಮೀ. ಆಳದವರೆಗೆ ಕೆಲಸ ಮಾಡೀತು. ಅದಕ್ಕಿಂತ ಆಳಕ್ಕೆ ಅಗಲವಾದ ಗುಳ ಅಥವಾ ಇಕ್ಕೆಲದಲ್ಲಿ ರೆಕ್ಕೆಯಿರುವ ಗುಳ ಬೇಕು. ನೆಲ ಹಸಿಯಾದಷ್ಟೂ ಈ ಮಿತಿ ಮೇಲಕ್ಕೆ ಬರುತ್ತದೆ ಎಂಬುದನ್ನೂ ನೆನಪಿಡಬೇಕು.

3. ಗುಳದ ಓರೆ: ಗುಳದ ಮೂತಿ ಮುಂದಕ್ಕೆ ಚಾಚಿ ನೆಲಕ್ಕೆ ತಗ್ಗಾದ ಕೋನದಲ್ಲಿರಬೇಕು. ಹಾಗಿದ್ದರೆ ಅದು ತಾನಾಗಿ ನೆಲಕ್ಕಿಳಿಯುತ್ತದೆ, ಎಳೆತವೂ ಕಡಿಮೆ. ನೇಗಿಲು ಇಳಿಯುವುದಿಲ್ಲವೆಂದು ಚೌಕಟ್ಟಿನ ಮೇಲೆ ಆಳನ್ನು ಕೂರಿಸುವ ಅಭ್ಯಾಸ ಪ್ರಾಣಕ್ಕೆ ಅಪಾಯ. ಇಳಿಯದಿದ್ದರೆ ದೋಷ ಗುಳದ ಮೊನೆಯಲ್ಲೋ ಟಾಪ್ ಲಿಂಕಿನ ಉದ್ದದಲ್ಲೋ ಇರುತ್ತದೆ, ಅದನ್ನು ಸರಿಪಡಿಸಿರಿ.

4. ಕಡಿಯುವ ಬೋಲ್ಟು: ಕಲ್ಲು ಅಥವಾ ಬೇರು ತಗುಲಿದಾಗ ತಾನು ಮುರಿದು ಕಾಲನ್ನೂ ಟ್ರ್ಯಾಕ್ಟರನ್ನೂ ಉಳಿಸುವ ಶಿಯರ್ ಬೋಲ್ಟು ಇರಲೇಬೇಕು. ಅದು ಮುರಿದಾಗ ಅದೇ ಅಳತೆಯ, ಅದೇ ದರ್ಜೆಯ ಬೋಲ್ಟನ್ನೇ ಹಾಕಬೇಕು. ಗಟ್ಟಿ ಬೋಲ್ಟು ಹಾಕಿದರೆ ಮುಂದಿನ ಸಲ ಮುರಿಯುವುದು ಚೌಕಟ್ಟು.

5. ಬಿಡಿಭಾಗ: ಸವೆದ ಗುಳವನ್ನು ಬಿಚ್ಚಿ ಬದಲಿಸಲು ಬರುವಂತಿರಬೇಕು, ಹೊಸ ಗುಳ ನಿಮ್ಮ ತಾಲ್ಲೂಕು ಕೇಂದ್ರದಲ್ಲಿ ಸಿಗುವಂತಿರಬೇಕು. ಮೊಂಡಾದ ಗುಳ ಇಳಿಯುವುದೂ ಇಲ್ಲ, ಎತ್ತುವುದೂ ಇಲ್ಲ.

ಕೊಳ್ಳಬೇಕೇ, ಬಾಡಿಗೆಗೆ ತರಬೇಕೇ?

ಲೆಕ್ಕ ಹಾಕಿ ನೋಡೋಣ. ಒಂದು ಕಾಲಿನ ನೇಗಿಲನ್ನು 50 ಸೆಂ.ಮೀ. ಅಂತರದಲ್ಲಿ ಗಂಟೆಗೆ 4 ಕಿ.ಮೀ. ವೇಗದಲ್ಲಿ ಎಳೆದರೆ ಗಂಟೆಗೆ 2,000 ಚದರ ಮೀಟರ್, ಅಂದರೆ ಸುಮಾರು ಅರ್ಧ ಎಕರೆ. ತಿರುವು, ನಿಲುಗಡೆಗಳನ್ನು ಕಳೆದರೆ 0.4 ಎಕರೆ ಎನ್ನಬಹುದು. ಹೀಗೆ ಒಂದು ದಿಕ್ಕಿನ ಉಳುಮೆಗೆ ಎಕರೆಗೆ ಎರಡೂವರೆ ಗಂಟೆ, ಅಡ್ಡಲಾಗಿ ಮತ್ತೊಮ್ಮೆ ಉತ್ತರೆ 5 ಗಂಟೆ. 5 ಎಕರೆಯ ರೈತನಿಗೆ ಎರಡೂ ದಿಕ್ಕು ಸೇರಿ 25 ಗಂಟೆಯ ಕೆಲಸ, ಅದೂ ಎರಡು ಮೂರು ವರ್ಷಕ್ಕೊಮ್ಮೆ. ಇಷ್ಟು ಕಡಿಮೆ ಕೆಲಸಕ್ಕೆ ಸ್ವಂತ ನೇಗಿಲು ಬೇಕಿಲ್ಲ. ಹತ್ತಾರು ರೈತರು ಕೂಡಿ ಒಂದನ್ನು ಕೊಳ್ಳುವುದು ಅಥವಾ ಬಾಡಿಗೆಗೆ ತರುವುದು ಲೇಸು. ಎಲ್ಲಿ ದೊರೆಯುತ್ತದೆ ಎಂಬುದನ್ನು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು.

ಬಾಡಿಗೆಯವರೊಂದಿಗೆ ಗಂಟೆಯ ಲೆಕ್ಕದಲ್ಲಿ ಮಾತಾಡುವಾಗ ಆಳ ಮತ್ತು ಅಂತರವನ್ನು ಮೊದಲೇ ಹೇಳಿ ಒಪ್ಪಿಸಿಕೊಳ್ಳಿ. ಎಕರೆ ಲೆಕ್ಕದಲ್ಲಿ ಒಪ್ಪಿಕೊಂಡ ಚಾಲಕನಿಗೆ ಬೇಗ ಮುಗಿಸುವುದೇ ಲಾಭ. ಆಳ ಕಡಿಮೆಯಾದರೆ ಮೇಲಿನಿಂದ ನೋಡಿದವರಿಗೆ ತಿಳಿಯುವುದಿಲ್ಲ. ಆದ್ದರಿಂದ ಸಲಾಕೆ ಕೈಯಲ್ಲಿ ಹಿಡಿದು ಹೊಲದಲ್ಲೇ ಇರುವುದು ಒಳ್ಳೆಯದು.

ಹದ ನೋಡುವುದು

ಉಳಿ ನೇಗಿಲಿನ ಯಶಸ್ಸು ಮುಕ್ಕಾಲು ಪಾಲು ಹದದಲ್ಲಿದೆ. ನೋಡಬೇಕಾದದ್ದು ಮೇಲ್ಮಣ್ಣಿನ ಹದವನ್ನಲ್ಲ, ಗಟ್ಟಿ ಪದರದ ಹದವನ್ನು. ಪದರದ ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಅಂಗೈಗಳ ನಡುವೆ ಹೊಸೆಯಿರಿ. ಪೆನ್ಸಿಲ್‌ಗಿಂತ ತೆಳುವಾದ ಬತ್ತಿಯಾದರೆ ಹಸಿ ಹೆಚ್ಚು, ಕಾಯಬೇಕು. ಬತ್ತಿಯಾಗದೆ ಪುಡಿಪುಡಿಯಾಗಿ ಉದುರಿದರೆ ಅದೇ ಸರಿಯಾದ ಹದ. ಕೈಯಲ್ಲಿ ಮುರಿಯಲಾಗದಷ್ಟು ಗಟ್ಟಿ ಹೆಂಟೆಯಾಗಿದ್ದರೆ ಟ್ರ್ಯಾಕ್ಟರಿಗೆ ಶ್ರಮ, ಮೇಲೆ ಬಂಡೆಯಂತಹ ಹೆಂಟೆಗಳೇಳುತ್ತವೆ.

ಈ ಹದ ಸಿಗುವ ಕಾಲ ಎರಡು. ಒಂದು, ಬೆಳೆ ಕಟಾವಾದ ಬೆನ್ನಿಗೆ ಮಾಗಿ ಉಳುಮೆಯ ಕಾಲ. ಬೆಳೆ ಕೆಳಗಿನ ತೇವವನ್ನು ಹೀರಿರುವುದರಿಂದ ಪದರ ಒಣಗಿರುತ್ತದೆ. ಇನ್ನೊಂದು, ಏಪ್ರಿಲ್-ಮೇ ತಿಂಗಳ ಭರಣಿ, ಕೃತ್ತಿಕೆ ಮಳೆಗಳ ಸುಮಾರು. ಮೇಲೆ ಸ್ವಲ್ಪ ತೇವ, ಕೆಳಗೆ ಒಣ. ಮುಂಗಾರು ಹಿಡಿದುಕೊಂಡ ಮೇಲೆ ಆತುರದಿಂದ ಎಳೆಸಬೇಡಿ. ಆ ವರ್ಷ ಬಿಟ್ಟು ಮುಂದಿನ ವರ್ಷ ಮಾಡಿದರೂ ನಷ್ಟವಿಲ್ಲ.

ಬಳಸುವ ಕ್ರಮ

ಹೊಲಕ್ಕಿಳಿಯುವ ಮುನ್ನ ಕೊಳವೆ ಬಾವಿಯ ಪೈಪು, ವಿದ್ಯುತ್ ಕೇಬಲ್, ಹನಿ ನೀರಾವರಿಯ ಮುಖ್ಯ ಕೊಳವೆ ಎಲ್ಲಿ ಹೋಗಿವೆ ಎಂಬುದನ್ನು ಗೂಟ ನೆಟ್ಟು ಗುರುತಿಸಿರಿ. ಇವೆಲ್ಲ ಗುಳ ಓಡುವ ಆಳದಲ್ಲೇ ಇರುತ್ತವೆ.

ಆಳ: ಗಟ್ಟಿ ಪದರದ ತಳದಿಂದ 3ರಿಂದ 5 ಸೆಂ.ಮೀ. ಕೆಳಗೆ ಗುಳದ ಮೊನೆ ಓಡುವಂತೆ ಹೊಂದಿಸಬೇಕು. ಪದರ 12 ಸೆಂ.ಮೀ.ನಿಂದ 22 ಸೆಂ.ಮೀ.ವರೆಗೆ ಇದ್ದರೆ 25-27 ಸೆಂ.ಮೀ. ಸಾಕು. ಅದಕ್ಕಿಂತ ಆಳಕ್ಕೆ ಹೋಗುವುದು ಡೀಸೆಲ್ ಸುಟ್ಟಂತೆ.

ಅಂತರ: ರೆಕ್ಕೆಯಿಲ್ಲದ ಗುಳಕ್ಕೆ ಸಾಲಿನಿಂದ ಸಾಲಿಗೆ ಆಳದ 1ರಿಂದ 1.5 ಪಟ್ಟು, ರೆಕ್ಕೆಯ ಗುಳಕ್ಕೆ 1.5ರಿಂದ 2 ಪಟ್ಟು ಅಂತರವಿರಲಿ. ನೆರೆಯ ತಮಿಳುನಾಡು ಕೃಷಿ ವಿಶ್ವವಿದ್ಯಾಲಯವು ಆಳವಾದ ಗಟ್ಟಿ ಪದರವಿರುವ ಜಮೀನಿಗೆ ಅರ್ಧ ಮೀಟರ್ ಅಂತರದಲ್ಲಿ ಉದ್ದಕ್ಕೂ ಅಡ್ಡಕ್ಕೂ ಉಳಿ ನೇಗಿಲು ಹೊಡೆಯುವಂತೆ ಶಿಫಾರಸು ಮಾಡಿದೆ.

ದಿಕ್ಕು: ಇಳಿಜಾರಿಗೆ ಅಡ್ಡಲಾಗಿ ಎಳೆಯಬೇಕು. ಎರಡು ದಿಕ್ಕಿಗೆ ಉಳುವುದಾದರೆ ಇಳಿಜಾರಿಗೆ ಅಡ್ಡಲಾದ ಉಳುಮೆ ಕೊನೆಯದಾಗಿರಲಿ. ಇಳಿಜಾರಿನ ಉದ್ದಕ್ಕೆ ಬಿಟ್ಟ ಸೀಳು ಮಳೆಗಾಲದಲ್ಲಿ ಕೊರಕಲಾಗುತ್ತದೆ.

ಮಾದರಿ ಸಾಲು: ಮೊದಲು 10 ಮೀಟರ್ ಎಳೆದು ನಿಲ್ಲಿಸಿರಿ. ಸಾಲಿಗೆ ಅಡ್ಡಲಾಗಿ ಗುಂಡಿ ತೋಡಿ ನೋಡಿ. ಗುಳದ ಮೊನೆಯಿಂದ ಎರಡೂ ಬದಿಗೆ ಮೇಲ್ಮುಖವಾಗಿ ಮಣ್ಣು ಬಿರಿದು ಮೊರದಾಕಾರವಾಗಿದ್ದರೆ ಕೆಲಸ ಸರಿ. ಕಾಲು ಹೋದಷ್ಟೇ ಅಗಲದ ಸೀಳು ಮಾತ್ರ ಇದ್ದು ಪಕ್ಕದ ಗೋಡೆ ಹೊಳೆಯುತ್ತಿದ್ದರೆ, ಒಂದೋ ನೆಲ ಹಸಿ, ಇಲ್ಲವೇ ಗುಳಕ್ಕೆ ಮೀರಿದ ಆಳ. ಅಲ್ಲಿಗೇ ನಿಲ್ಲಿಸಿ ಸರಿಪಡಿಸಿಕೊಳ್ಳಿ. ಈ ಒಂದು ಗುಂಡಿ ಇಡೀ ಹೊಲದ ಖರ್ಚನ್ನು ಉಳಿಸಬಲ್ಲದು.

ಚಕ್ರದ ಜಾರಿಕೆ: ನೇಗಿಲು ಎತ್ತಿಕೊಂಡು ಹಿಂದಿನ ಚಕ್ರ 10 ಸುತ್ತು ತಿರುಗಿದಾಗ ಟ್ರ್ಯಾಕ್ಟರ್ 40 ಮೀಟರ್ ಹೋಗುತ್ತದೆ ಎನ್ನೋಣ. ನೇಗಿಲು ಇಳಿಸಿದಾಗ ಅದೇ 10 ಸುತ್ತಿಗೆ 34 ಮೀಟರ್ ಹೋದರೆ ಜಾರಿಕೆ ನೂರಕ್ಕೆ 15. ಇದಕ್ಕಿಂತ ಹೆಚ್ಚು ಜಾರಿದರೆ ಟೈರು ಸವೆಯುತ್ತದೆ, ಮೇಲ್ಮಣ್ಣು ಕೆಡುತ್ತದೆ. ವೇಗವನ್ನು ಗಂಟೆಗೆ 3-5 ಕಿ.ಮೀ.ಗೆ ಮಿತಗೊಳಿಸಿ. ಸಾಲಿನ ಕೊನೆಯಲ್ಲಿ ನೇಗಿಲನ್ನು ಪೂರ್ತಿ ಎತ್ತಿದ ನಂತರವೇ ತಿರುಗಿಸಬೇಕು. ನೆಲದೊಳಗೆ ಇರುವಾಗಲೇ ತಿರುಗಿಸಿದರೆ ಕಾಲು ತಿರುಚಿಕೊಳ್ಳುತ್ತದೆ.

ಉಳುಮೆಯ ನಂತರ

ಸಡಿಲಗೊಂಡ ಮಣ್ಣು ಬಿಗಿಯಲು ಬಹಳ ಸುಲಭ. ಉತ್ತ ಮೇಲೆ ಭಾರವಾದ ಟ್ರೈಲರ್ ಓಡಿಸಿದರೆ ಎರಡು ವರ್ಷದ ಲಾಭ ಒಂದು ದಿನದಲ್ಲಿ ಹೋಗುತ್ತದೆ. ಗೊಬ್ಬರ ಸಾಗಿಸುವುದನ್ನು ಉಳುಮೆಗೆ ಮುಂಚೆಯೇ ಮುಗಿಸಿಕೊಳ್ಳಿ. ಎಕರೆಗೆ 5 ಟನ್ ಕೊಟ್ಟಿಗೆ ಗೊಬ್ಬರ ಅಥವಾ ಕಾಂಪೋಸ್ಟ್ ಕೊಟ್ಟರೆ ಬಿರಿದ ಸಂದುಗಳು ಬೇಗ ಮುಚ್ಚಿಕೊಳ್ಳುವುದಿಲ್ಲ. ಬಿತ್ತನೆಗೆ ಹಲುಬೆ ಅಥವಾ ಕುಂಟೆಯಿಂದ ಹಗುರವಾಗಿ ಸಮ ಮಾಡಿದರೆ ಸಾಕು.

ಬಿರುಕನ್ನು ತೆರೆದಿಡುವುದು ಕೊನೆಗೂ ಬೇರು. ಆದ್ದರಿಂದ ಆ ವರ್ಷವೇ ಆಳಕ್ಕೆ ಬೇರಿಳಿಸುವ ತೊಗರಿ, ಹರಳು ಮುಂತಾದ ಬೆಳೆಯನ್ನು ಬೆಳೆಯಬೇಕು; ರಾಗಿಯೊಂದಿಗೆ ತೊಗರಿಯ ಅಕ್ಕಡಿ ಸಾಲು ಹಾಕುವ ನಮ್ಮ ಹಳೆಯ ಪದ್ಧತಿ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಬೇರು ಸತ್ತು ಕೊಳೆತ ಮೇಲೆ ಅದು ಹೋದ ದಾರಿ ಗಾಳಿಗೂ ನೀರಿಗೂ ಕೊಳವೆಯಾಗಿ ಉಳಿಯುತ್ತದೆ. ಸಮಸ್ಯೆ ಸಣ್ಣದಿದ್ದರೆ ಯಂತ್ರವಿಲ್ಲದೆ ಬೇರಿನಿಂದಲೇ, ಎರಡು ಮೂರು ವರ್ಷಗಳಲ್ಲಿ, ಗುಣ ಕಾಣಬಹುದು.

ಹುಲ್ಲುಹಾಸಿಗೆ ಬೇರೆಯೇ ಯಂತ್ರ

ಮಾರಾಟಕ್ಕೆಂದು ಹುಲ್ಲುಹಾಸು ಬೆಳೆಸುವವರಿಗೂ, ದನ ಮೇಯುವ ಹುಲ್ಲುಗಾವಲು ಇರುವವರಿಗೂ ಉಳಿ ನೇಗಿಲು ಹೊಂದುವುದಿಲ್ಲ. ದನದ ಗೊರಸು ಮತ್ತು ಹುಲ್ಲು ಕತ್ತರಿಸುವ ಯಂತ್ರ ಬಿಗಿಯುವುದು ಮೇಲಿನ ಮೂರು ನಾಲ್ಕು ಅಂಗುಲವನ್ನು ಮಾತ್ರ. ಅಲ್ಲಿಗೆ ಬೇಕಾದದ್ದು ಸಣ್ಣ ಟ್ರ್ಯಾಕ್ಟರಿನ ಹಿಂದೆ ಉರುಳುತ್ತಾ ರಂಧ್ರ ಮಾಡುವ ಯಂತ್ರ. ಇದರಲ್ಲಿ ಎರಡು ಬಗೆ. ಮೊಳೆ ಹಲ್ಲಿನದು ಚುಚ್ಚುತ್ತದೆ. ಮಣ್ಣು ಹೊರಗೆ ಬಾರದೆ ರಂಧ್ರದ ಸುತ್ತ ಒತ್ತಿಕೊಳ್ಳುತ್ತದೆ. ಕೊಳವೆ ಹಲ್ಲಿನದು 5ರಿಂದ 8 ಸೆಂ.ಮೀ. ಉದ್ದದ ಮಣ್ಣಿನ ಬಿಲ್ಲೆಯನ್ನು ಕಿತ್ತು ಹೊರಹಾಕುತ್ತದೆ. ನೆಲ ಬಿಗಿದಿದ್ದರೆ ಕೊಳವೆ ಹಲ್ಲಿನದನ್ನೇ ಆರಿಸಬೇಕು.

ಈ ಯಂತ್ರ ಇಳಿಯುವುದು ಭಾರದಿಂದ. ಅದರ ತಟ್ಟೆಯ ಮೇಲೆ ಮರಳಿನ ಚೀಲ ಅಥವಾ ಸಿಮೆಂಟ್ ಇಟ್ಟಿಗೆಗಳನ್ನು ಹೇರಿ ಬಿಗಿಯಾಗಿ ಕಟ್ಟಬೇಕು. ಹದವೂ ಉಳಿ ನೇಗಿಲಿಗೆ ವಿರುದ್ಧ: ಇಲ್ಲಿ ನೆಲ ತೇವವಾಗಿರಬೇಕು. ಹಿಂದಿನ ದಿನ ನೀರು ಕೊಟ್ಟು, ಮರುದಿನ ಕಾಲಿಗೆ ಮಣ್ಣು ಮೆತ್ತದ ಹದದಲ್ಲಿ ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಓಡಿಸಬೇಕು. ಹೊರಬಂದ ಬಿಲ್ಲೆಗಳನ್ನು ಗುಡಿಸಿ ಎಸೆಯದೆ, ಒಣಗಿದ ಮೇಲೆ ಪುಡಿ ಮಾಡಿ ಹರಡಿ, ಮೇಲೆ ತೆಳುವಾಗಿ ಮರಳು ಮತ್ತು ಜರಡಿ ಹಿಡಿದ ಕಾಂಪೋಸ್ಟ್ ಎಳೆಯಿರಿ. ಹುಲ್ಲು ಚುರುಕಾಗಿ ಬೆಳೆಯುವ ಮಳೆಗಾಲದ ತಿಂಗಳುಗಳಲ್ಲಿ ಮಾಡಿದರೆ ರಂಧ್ರಗಳು ಬೇಗ ಹಸಿರಾಗುತ್ತವೆ. ಹೊಸದಾಗಿ ನೆಟ್ಟು ಬೇರು ಹಿಡಿಯದ ಹುಲ್ಲಿಗೆ ಇದನ್ನು ಬಳಸಬಾರದು.

ಲಾಭವಾಯಿತೇ? ನೀವೇ ನೋಡಿ

ಉಳಿ ನೇಗಿಲು ಹೊಡೆಸಿದ ವರ್ಷ ಮಳೆ ಚೆನ್ನಾಗಿ ಹಂಚಿ ಬಂದರೆ ಬೆಳೆಯಲ್ಲಿ ಹೆಚ್ಚು ವ್ಯತ್ಯಾಸ ಕಾಣದಿರಬಹುದು. ಮಳೆ ಎಡೆಬಿಟ್ಟ ವರ್ಷ ವ್ಯತ್ಯಾಸ ಎದ್ದು ಕಾಣುತ್ತದೆ. ಆದ್ದರಿಂದ ಹೊಲದ ನಡುವೆ ಎರಡು ಮೂರು ಮೀಟರ್ ಅಗಲದ ಒಂದು ಪಟ್ಟೆಯನ್ನು ಹಾಗೆಯೇ ಬಿಡಿ. ಬಿತ್ತನೆ, ಗೊಬ್ಬರ, ಕಳೆ ಎಲ್ಲವೂ ಒಂದೇ ಆಗಿರಲಿ. ಮಳೆ ಬಂದ ಮರುದಿನ ಎರಡೂ ಕಡೆ ಎಷ್ಟು ಆಳಕ್ಕೆ ತೇವವಿಳಿದಿದೆ ಎಂದು ಸಲಾಕೆಯಿಂದ ನೋಡಿ. ಕಟಾವಿನಲ್ಲಿ ಪಟ್ಟೆಯ ಫಸಲನ್ನೂ ಅದರ ಪಕ್ಕದ ಅಷ್ಟೇ ಅಗಲದ ಫಸಲನ್ನೂ ಬೇರೆ ಬೇರೆ ತೂಗಿರಿ. ಹೆಚ್ಚಿದ ಫಸಲಿನ ಬೆಲೆ ಎರಡು ಮೂರು ವರ್ಷಗಳಲ್ಲಿ ಉಳುಮೆಯ ಖರ್ಚನ್ನು ಮೀರಿದರೆ ಮುಂದುವರಿಸಿ. ಇಲ್ಲವಾದರೆ ನಿಮ್ಮ ಹೊಲಕ್ಕೆ ಅದು ಬೇಕಿಲ್ಲವೆಂದು ತಿಳಿಯಿರಿ.

ನೆನಪಿಡಬೇಕಾದ ಅಂಶಗಳು

1. ಗುಂಡಿ ತೋಡಿ ಗಟ್ಟಿ ಪದರದ ಮೇಲಿನ ಮತ್ತು ಕೆಳಗಿನ ಅಳತೆ ತಿಳಿಯದೆ ಉಳಿ ನೇಗಿಲು ತರಬೇಡಿ.

2. ಭತ್ತದ ಗದ್ದೆ, ಫಲ ಕೊಡುವ ಮರದ ಬುಡ, ಗರಸು ನೆಲ ಇವುಗಳಲ್ಲಿ ಬಳಸಬೇಡಿ.

3. ಟ್ರ್ಯಾಕ್ಟರಿನ ಶಕ್ತಿಗೆ ತಕ್ಕಷ್ಟು ಕಾಲು, ಆಳಕ್ಕೆ ತಕ್ಕಷ್ಟು ಅಗಲದ ಗುಳ ಇರಲಿ.

4. ಪದರದ ಮಣ್ಣು ಅಂಗೈಯಲ್ಲಿ ಪುಡಿಯಾಗುವ ಹದದಲ್ಲಿ ಮಾತ್ರ ಎಳೆಯಿರಿ.

5. ಪದರದಿಂದ 3-5 ಸೆಂ.ಮೀ. ಕೆಳಗೆ, ಇಳಿಜಾರಿಗೆ ಅಡ್ಡಲಾಗಿ ಎಳೆಯಿರಿ. ಮೊದಲ 10 ಮೀಟರ್ ನಂತರ ತೋಡಿ ನೋಡಿ.

6. ಉಳುಮೆಯ ನಂತರ ಭಾರ ಓಡಿಸಬೇಡಿ; ಗೊಬ್ಬರ ಮತ್ತು ಆಳ ಬೇರಿನ ಬೆಳೆಯಿಂದ ನೆಲವನ್ನು ಸಡಿಲವಾಗಿಯೇ ಉಳಿಸಿಕೊಳ್ಳಿ.

ರೈತ ಬಾಂಧವರು ಈ ಮಾಗಿಯಲ್ಲಿ ಹೊಲಕ್ಕೆ ಹೋದಾಗ ಒಂದು ಗುದ್ದಲಿಯನ್ನೂ ಒಂದು ಚಾಕುವನ್ನೂ ಕೊಂಡೊಯ್ದು ಎರಡು ಅಡಿಯ ಗುಂಡಿಯೊಂದನ್ನು ತೋಡಿ ನೋಡುವುದು ಒಳಿತು. ಅರ್ಧ ಗಂಟೆಯ ಈ ಕೆಲಸಕ್ಕೆ ಖರ್ಚಿಲ್ಲ. ನಿಮ್ಮ ಹೊಲಕ್ಕೆ ಉಳಿ ನೇಗಿಲು ಬೇಕೇ ಬೇಡವೇ ಎಂಬುದನ್ನು ಆ ಗುಂಡಿಯೇ ಹೇಳುತ್ತದೆ.